ಅಗಲ ಟೈರು ಮತ್ತು ಘರ್ಷಣೆಯ ನಿಯಮ

ಘರ್ಷಣೆಯು ಪರಸ್ಪರ ತಾಗಿರುವ ಮೇಲ್ಮೈಗಳ ವಿಸ್ತೀರ್ಣವನ್ನು ಅವಲಂಬಿಸಿಲ್ಲ ಎಂದು ಭೌತವಿಜ್ಞಾನದ ಪಠ್ಯಪುಸ್ತಕಗಳು ಹೇಳುತ್ತವೆ. ಹಾಗಿದ್ದರೆ ವೇಗವಾಗಿ ಓಡುವ ಕಾರುಗಳಿಗೆ ಅಗಲವಾದ ಟೈರುಗಳನ್ನು ಏಕೆ ಹಾಕುತ್ತಾರೆ? ತರಗತಿಯಲ್ಲಿ ಈ ಪ್ರಶ್ನೆ ಏಳುವುದು ಸಹಜ. ಇದಕ್ಕೆ ಉತ್ತರ ಮುನ್ನೂರು ವರ್ಷಗಳ ಇತಿಹಾಸದಲ್ಲಿ ಹರಡಿಕೊಂಡಿದೆ.

ಈ ನಿಯಮವನ್ನು ಫ್ರಾನ್ಸಿನ ಅಮೋಂಟನ್ಸ್ 1699ರಲ್ಲಿ ಮಂಡಿಸಿದ. ಅವನದೇ ದೇಶದ ಕೂಲಂಬ್ 18ನೆಯ ಶತಮಾನದ ಕೊನೆಯ ಭಾಗದಲ್ಲಿ ಅದನ್ನು ವಿಸ್ತರಿಸಿದ. ಅವರು ಪರೀಕ್ಷಿಸಿದ್ದು ಮರ, ಲೋಹಗಳಂಥ ಗಡಸು ವಸ್ತುಗಳನ್ನು. ನಿಯಮದ ಹಿಂದಿನ ಕಾರಣವನ್ನು ತಿಳಿಸಿದವರು ಕೇಂಬ್ರಿಜ್‌ನ ಬೌಡನ್ ಮತ್ತು ಟೇಬರ್. 1939ರಲ್ಲಿ ಅವರು, ಎರಡು ಮೇಲ್ಮೈಗಳು ನಿಜವಾಗಿ ತಾಗುವುದು ಅತಿ ಸೂಕ್ಷ್ಮ ಉಬ್ಬುಗಳಲ್ಲಿ ಮಾತ್ರ ಎಂದು ತೋರಿಸಿದರು. ಭಾರ ಹೆಚ್ಚಿದಂತೆ ಈ ನಿಜವಾದ ಸಂಪರ್ಕವೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ. ಹೀಗಾಗಿ ಕಣ್ಣಿಗೆ ಕಾಣುವ ವಿಸ್ತೀರ್ಣ ಲೆಕ್ಕಕ್ಕೆ ಬರುವುದಿಲ್ಲ.

ರಬ್ಬರು ಹಾಗಲ್ಲ. ಅದು ರಸ್ತೆಯ ಉಬ್ಬುತಗ್ಗುಗಳೊಳಕ್ಕೆ ಇಳಿದು ಅಂಟುತ್ತದೆ. ಹಿಗ್ಗಿ ಕುಗ್ಗುವಾಗ ಶಕ್ತಿಯನ್ನು ಶಾಖವಾಗಿ ಕಳೆಯುತ್ತದೆ. ಮೃದುವಾದ ರಬ್ಬರಿನ ಮೇಲೆ ಒತ್ತಡ ಹೆಚ್ಚಿದಂತೆ ಘರ್ಷಣಾಂಕ ಕಡಿಮೆಯಾಗುತ್ತದೆಂದು ಶಲಮಾಕ್ 1952ರಲ್ಲಿ ತೋರಿಸಿದ. ವೇಗ ಮತ್ತು ತಾಪ ಬದಲಾದಾಗಲೂ ಅದು ಬದಲಾಗುತ್ತದೆಂಬುದನ್ನು 1963ರಲ್ಲಿ ಗ್ರೋಶ್ ವಿವರಿಸಿದ.

ಅಗಲ ಹೆಚ್ಚಿದರೆ ಏನಾಗುತ್ತದೆ?

ಒಂದು ಸರಳ ಲೆಕ್ಕ ಮಾಡೋಣ. 1200 ಕೆ.ಜಿ. ತೂಕದ ಕಾರಿನಲ್ಲಿ ಪ್ರತಿ ಚಕ್ರದ ಮೇಲೆ ಸುಮಾರು 300 ಕೆ.ಜಿ. ಭಾರ ಇರುತ್ತದೆ. ಟೈರಿನೊಳಗಿನ ಗಾಳಿಯ ಒತ್ತಡ ಚದರ ಸೆಂ.ಮೀ.ಗೆ 2 ಕೆ.ಜಿ. ಆದರೆ, ರಸ್ತೆಗೆ ತಾಗುವ ಭಾಗ ಸುಮಾರು 150 ಚದರ ಸೆಂ.ಮೀ. ಆ ಅಚ್ಚಿನ ಅಗಲ 12 ಸೆಂ.ಮೀ. ಇದ್ದರೆ ಉದ್ದ 12.5 ಸೆಂ.ಮೀ. ಅಗಲವನ್ನು 20 ಸೆಂ.ಮೀ.ಗೆ ಏರಿಸಿದರೆ ಉದ್ದ 7.5 ಸೆಂ.ಮೀ.ಗೆ ಇಳಿಯುತ್ತದೆ. ಒತ್ತಡ ಬದಲಾಗದಿದ್ದರೆ ಅಗಲ ಟೈರು ಹೆಚ್ಚು ರಸ್ತೆಯನ್ನು ಹಿಡಿಯುವುದಿಲ್ಲ. ಅಚ್ಚಿನ ಆಕಾರವನ್ನಷ್ಟೇ ಬದಲಿಸುತ್ತದೆ!

ಹಾಗಾದರೆ ಲಾಭವೇನು? ಅಗಲ ಟೈರಿನಲ್ಲಿ ಒಟ್ಟು ರಬ್ಬರು ಹೆಚ್ಚು. ಶಾಖ ಹೆಚ್ಚು ರಬ್ಬರಿಗೆ ಹಂಚಿಹೋಗುತ್ತದೆ. ಆದ್ದರಿಂದ ಇನ್ನಷ್ಟು ಮೃದುವಾದ, ಚೆನ್ನಾಗಿ ಅಂಟುವ ರಬ್ಬರನ್ನು ಬಳಸಬಹುದು. ಅದೇ ಭಾರವನ್ನು ಕಡಿಮೆ ಒತ್ತಡದಲ್ಲೂ ಹೊರಬಹುದು. ಜೊತೆಗೆ ಅಗಲವಾದ ಪಟ್ಟಿ ಮತ್ತು ಗಿಡ್ಡ ಪಕ್ಕೆ ಅಡ್ಡಕ್ಕೆ ಬಾಗುವುದು ಕಡಿಮೆ. ಹೀಗಾಗಿ ಸ್ಟಿಯರಿಂಗ್ ತಿರುಗಿಸಿದೊಡನೆ ಕಾರು ತಿರುಗುತ್ತದೆ.

ಸಪೂರ ಟೈರಿನಿಂದ ಅಗಲ ಟೈರಿಗೆ

ಗಾಳಿ ತುಂಬಿದ ಟೈರಿಗೆ 1845ರಲ್ಲಿ ಸ್ಕಾಟ್ಲೆಂಡಿನ ಥಾಮ್ಸನ್ ಪೇಟೆಂಟ್ ಪಡೆದ. 1888ರಲ್ಲಿ ಬೆಲ್‌ಫಾಸ್ಟಿನ ಡನ್‌ಲಪ್ ಅದನ್ನು ಮತ್ತೆ ಕಂಡುಹಿಡಿದು ಬಳಕೆಗೆ ತಂದ. ಮೊದಲ ಟೈರುಗಳು ಸಪೂರವಾಗಿದ್ದು, ಒತ್ತಡ ಬಲು ಹೆಚ್ಚಾಗಿತ್ತು. 1920ರ ದಶಕದಲ್ಲಿ ಬಂದ ದಪ್ಪನೆಯ 'ಬಲೂನ್' ಟೈರುಗಳ ಉದ್ದೇಶ ಹಿಡಿತವಲ್ಲ, ಕುಲುಕಾಟ ತಗ್ಗಿಸುವುದು. 1946ರಲ್ಲಿ ಮಿಶೆಲಿನ್ ಸಂಸ್ಥೆ ರೇಡಿಯಲ್ ಟೈರಿಗೆ ಪೇಟೆಂಟ್ ಪಡೆಯಿತು. ಅದರಲ್ಲಿ ಉಕ್ಕಿನ ಪಟ್ಟಿ ಟೈರಿನ ಮುಖವನ್ನು ಚಪ್ಪಟೆಯಾಗಿ ಹಿಡಿದಿಡುತ್ತಿತ್ತು. ಅಗಲವಾದ, ಗಿಡ್ಡ ಪಕ್ಕೆಯ ಟೈರುಗಳು ಇದರಿಂದ ಸಾಧ್ಯವಾದವು.

ಜರ್ಮನಿಯ ಪೋರ್ಷೆ 911 ಇದಕ್ಕೆ ಒಳ್ಳೆಯ ಉದಾಹರಣೆ. ಇದರ ಇಂಜಿನ್ ಹಿಂಬದಿಯ ಅಚ್ಚುಗಂಬಕ್ಕಿಂತಲೂ ಹಿಂದಿದೆ. ತಿರುವುಗಳಲ್ಲಿ ಬಾಲ ಹೊರಕ್ಕೆ ಎಳೆಯುವುದು ಅದರ ಸ್ವಭಾವ. 1960ರ ದಶಕದ ಮೊದಲ ಕಾರುಗಳ ನಾಲ್ಕೂ ಟೈರುಗಳ ಅಗಲ 165 ಮಿ.ಮೀ. 1975ರ ಟರ್ಬೊ ಮಾದರಿಯಲ್ಲಿ ಮುಂದೆ 185, ಹಿಂದೆ 215. 2018ರಲ್ಲಿ ಹೊರಬಂದ ಕರೆರಾ ಎಸ್‌ನಲ್ಲಿ ಮುಂದೆ 245, ಹಿಂದೆ 305 ಮಿ.ಮೀ. ಹಿಡಿತದಷ್ಟೇ ಮುಖ್ಯವಾದದ್ದು ಹಿಂದುಮುಂದಿನ ಸಮತೋಲ ಎಂಬುದು ಈ ಅಂಕಿಗಳಿಂದ ತಿಳಿಯುತ್ತದೆ.

ಮಳೆಯಲ್ಲಿ ಬೆಲೆ ತೆರಬೇಕು

ರಸ್ತೆಯ ಮೇಲೆ 3 ಮಿ.ಮೀ. ನೀರು ನಿಂತಿದೆ ಎನ್ನಿ. ಗಂಟೆಗೆ 90 ಕಿ.ಮೀ. ವೇಗದಲ್ಲಿ 20 ಸೆಂ.ಮೀ. ಅಗಲದ ಟೈರು ಸೆಕೆಂಡಿಗೆ 15 ಲೀಟರ್ ನೀರನ್ನು ತಳ್ಳಬೇಕು. ಅಗಲ 30 ಸೆಂ.ಮೀ. ಆದರೆ 22.5 ಲೀಟರ್! ತಳ್ಳಲಾಗದಿದ್ದರೆ ಟೈರು ನೀರಿನ ಮೇಲೆ ತೇಲುತ್ತದೆ. ಬ್ರೇಕು, ಸ್ಟಿಯರಿಂಗು ಎರಡೂ ಕೈಕೊಡುತ್ತವೆ. 1963ರಲ್ಲಿ ನಾಸಾದ ಹಾರ್ನ್ ಮತ್ತು ಡ್ರೆಹರ್ ಪ್ರಕಟಿಸಿದ ಸೂತ್ರದ ಪ್ರಕಾರ, ತೇಲುವಿಕೆ ಆರಂಭವಾಗುವ ವೇಗ ಗಾಳಿಯ ಒತ್ತಡದ ವರ್ಗಮೂಲಕ್ಕೆ ಅನುಪಾತದಲ್ಲಿದೆ. ನಮ್ಮ ಉದಾಹರಣೆಯ ಒತ್ತಡಕ್ಕೆ ಅದು ಗಂಟೆಗೆ ಸುಮಾರು 90 ಕಿ.ಮೀ. ಹಿಡಿತ ಹೆಚ್ಚಲೆಂದು ಗಾಳಿ ಇಳಿಸಿದರೆ ಈ ವೇಗವೂ ಇಳಿಯುತ್ತದೆ. ಸವೆದ ಅಗಲ ಟೈರಂತೂ ಮಳೆಯಲ್ಲಿ ನಿಜಕ್ಕೂ ಅಪಾಯಕಾರಿ.

ಟೈರು ಬದಲಿಸುವವರು ಹೊರವ್ಯಾಸವನ್ನು ಕಾಪಾಡಿಕೊಳ್ಳಬೇಕು. ಇಲ್ಲದಿದ್ದರೆ ವೇಗಮಾಪಕ ತಪ್ಪು ತೋರಿಸುತ್ತದೆ. 175/65 ಆರ್14 ಟೈರಿನಲ್ಲಿ 175 ಮಿ.ಮೀ. ಅಗಲ, 65 ಎಂದರೆ ಪಕ್ಕೆಯ ಎತ್ತರ ಅಗಲದ ಶೇ. 65, 14 ಎಂದರೆ ರಿಮ್‌ನ ವ್ಯಾಸ, ಅಂಗುಲಗಳಲ್ಲಿ. ಹೊರವ್ಯಾಸ 583 ಮಿ.ಮೀ. 185/55 ಆರ್15 ಹಾಕಿದರೆ 584.5 ಮಿ.ಮೀ. - ವ್ಯತ್ಯಾಸ ಅಲ್ಪ. ರಿಮ್‌ನ ಅಗಲವೂ ಟೈರಿಗೆ ತಕ್ಕಂತಿರಬೇಕು. ಹೊರಬಲ್ಲ ಭಾರ ಮೊದಲಿಗಿಂತ ಕಡಿಮೆ ಇರಬಾರದು.

ಈ ಲೆಕ್ಕಗಳನ್ನು ವಿದ್ಯಾರ್ಥಿಗಳಿಂದಲೇ ಮಾಡಿಸಬಹುದು. ಸೈಕಲ್ ಟೈರಿಗೆ ಸೀಮೆಸುಣ್ಣ ಬಳಿದು, ಕಪ್ಪು ಕಾಗದದ ಮೇಲೆ ನಿಲ್ಲಿಸಿ ಅಚ್ಚನ್ನು ಅಳೆಯಿರಿ. ಗಾಳಿ ಕಡಿಮೆ ಮಾಡಿ ಮತ್ತೆ ಅಳೆಯಿರಿ. ನಿಯಮವೊಂದು ಎಲ್ಲಿಯವರೆಗೆ ಅನ್ವಯಿಸುತ್ತದೆ ಎಂದು ಕೇಳುವುದೂ ವಿಜ್ಞಾನದ ಕಲಿಕೆಯೇ.