ಮಣ್ಣು ಬಿಟ್ಟ ಬೇರು: ‘ಹೈಡ್ರೋ ಗಾಂಜಾ’ದ ಹಿಂದಿನ ಚರಿತ್ರೆ

ಕೆಲವು ವರ್ಷಗಳಿಂದ ನಮ್ಮ ಕನ್ನಡ ಪತ್ರಿಕೆಗಳ ಅಪರಾಧ ಸುದ್ದಿಗಳಲ್ಲಿ ‘ಹೈಡ್ರೋ ಗಾಂಜಾ’ ಎಂಬ ಹೊಸ ಪದವೊಂದು ಪದೇ ಪದೇ ಕಾಣಿಸುತ್ತಿದೆ. ಬ್ಯಾಂಕಾಕಿನಿಂದ ಬಂದಿಳಿದ ಪ್ರಯಾಣಿಕರ ಪೆಟ್ಟಿಗೆಗಳಲ್ಲಿ ಕೆಂಪೇಗೌಡ ವಿಮಾನ ನಿಲ್ದಾಣದ ಅಧಿಕಾರಿಗಳು ಅದನ್ನು ಹಿಡಿದರೆಂಬ ವರದಿಗಳನ್ನು ನೀವೂ ಓದಿರುತ್ತೀರಿ. ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದಾಗ, “ಸಾರ್, ಇದೇನು ಬೇರೆ ಜಾತಿಯ ಗಿಡವೇ?” ಎಂದು ಕೇಳಿದ. ಅಲ್ಲ. ನಮ್ಮ ಹಿರಿಯರು ಭಂಗಿ ಎಂದು ಕರೆಯುತ್ತಿದ್ದ ಗಿಡವೇ ಅದು. ಬೇರೆಯಾಗಿರುವುದು ಬೆಳೆದ ಬಗೆ ಮಾತ್ರ. ಮಣ್ಣಿನ ಬದಲು ಲವಣ ಕರಗಿಸಿದ ನೀರು, ಬಿಸಿಲಿನ ಬದಲು ವಿದ್ಯುದ್ದೀಪ, ಹೊಲದ ಬದಲು ಬಾಗಿಲು ಹಾಕಿದ ಕೋಣೆ. ಇವು ಮೂರೂ ಒಂದೆಡೆ ಸೇರಿದ್ದು ಹೇಗೆಂಬುದು ಮೂರೂವರೆ ಶತಮಾನಗಳಿಗೂ ಹೆಚ್ಚು ಕಾಲದ ಕಥೆ. ಅದರ ಮೊದಲ ಭಾಗವನ್ನು ನಾನೇ ತರಗತಿಯಲ್ಲಿ ನಿಮಗೆ ಪಾಠ ಹೇಳಿದ್ದೇನೆ. ಎರಡನೆಯ ಭಾಗ ಪಠ್ಯಪುಸ್ತಕದಲ್ಲಿ ಇರಲಿಲ್ಲ. ಇದು ಬೆಳೆಯುವ ವಿಧಾನ ತಿಳಿಸುವ ಬರಹವಲ್ಲ, ಚರಿತ್ರೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಗಿಡ ಏನನ್ನು ತಿನ್ನುತ್ತದೆ ಎಂಬ ಪ್ರಶ್ನೆಯಿಂದ ಎಲ್ಲವೂ ಆರಂಭವಾಯಿತು. ಬ್ರಸೆಲ್ಸಿನ ವಾನ್ ಹೆಲ್ಮಾಂಟ್ ಎಂಬ ವಿದ್ವಾಂಸರು ಒಣಗಿಸಿ ತೂಗಿದ 200 ಪೌಂಡು ಮಣ್ಣಿನಲ್ಲಿ 5 ಪೌಂಡು ತೂಕದ ವಿಲೋ ಸಸಿಯನ್ನು ನೆಟ್ಟು, ಐದು ವರ್ಷ ನೀರನ್ನಷ್ಟೇ ಎರೆದರು. ಸಸಿ 169 ಪೌಂಡು ತೂಗುವ ಮರವಾಯಿತು. ಮಣ್ಣು ಕಳೆದುಕೊಂಡದ್ದು ಎರಡು ಔನ್ಸ್ ಮಾತ್ರ! ಆದ್ದರಿಂದ ಮರವೆಲ್ಲವೂ ನೀರಿನಿಂದಲೇ ಆಯಿತೆಂದು ಅವರು ತೀರ್ಮಾನಿಸಿದರು. ಅವರ ಮರಣಾನಂತರ, 1648ರಲ್ಲಿ, ಅವರ ಮಗ ಪ್ರಕಟಿಸಿದ ಗ್ರಂಥದಲ್ಲಿ ಈ ಪ್ರಯೋಗದ ವಿವರವಿದೆ. ತಕ್ಕಡಿ ಸರಿಯಾಗಿತ್ತು, ತೀರ್ಮಾನ ತಪ್ಪಾಗಿತ್ತು. ಗಾಳಿಯ ಇಂಗಾಲದ ಡೈಆಕ್ಸೈಡ್ ಅವರ ಲೆಕ್ಕದಲ್ಲಿ ಇರಲಿಲ್ಲ. ಆದರೆ ನಾನು ಪ್ರತಿ ವರ್ಷವೂ ಹೇಳುತ್ತಿದ್ದುದು ನಿಮಗೆ ನೆನಪಿರಬಹುದು: ಆ ಎರಡು ಔನ್ಸನ್ನು ಅಲಕ್ಷಿಸಬೇಡಿ, ಮುಂದಿನ ಕಥೆಯೆಲ್ಲ ಅದರಲ್ಲಿದೆ.

ಅದನ್ನು ಅಲಕ್ಷಿಸದಿದ್ದವರು ಇಂಗ್ಲೆಂಡಿನ ಜಾನ್ ವುಡ್‌ವರ್ಡ್. 1699ರಲ್ಲಿ ಅವರು ಪುದೀನ ಜಾತಿಯ ಗಿಡಗಳನ್ನು ಬೇರೆ ಬೇರೆ ನೀರುಗಳಲ್ಲಿ ಬೆಳೆಸಿದರು. ಮಳೆನೀರು, ಥೇಮ್ಸ್ ನದಿಯ ನೀರು, ಹೈಡ್ ಪಾರ್ಕಿನ ಕಾಲುವೆಯ ನೀರು, ತೋಟದ ಮಣ್ಣು ಕದಡಿದ ನೀರು. ನೀರು ಶುದ್ಧವಾದಷ್ಟೂ ಗಿಡ ಸೊರಗಿತು, ಮಣ್ಣು ಬೆರೆತಷ್ಟೂ ಸೊಂಪಾಗಿ ಬೆಳೆಯಿತು. ಅಂದಮೇಲೆ ನೀರು ಊಟವಲ್ಲ, ಊಟವನ್ನು ಹೊತ್ತು ತರುವ ವಾಹನ. ಬಡ ಶಾಲೆಯಲ್ಲಿಯೂ ನಾಲ್ಕು ಬಾಟಲಿಗಳಿದ್ದರೆ ಮಾಡಿ ತೋರಿಸಬಹುದಾದ ಪ್ರಯೋಗವಿದು. ಇದಕ್ಕಿಂತ ಅಚ್ಚುಕಟ್ಟಾದ ಪ್ರಯೋಗವನ್ನು ನಾನು ಕಂಡಿಲ್ಲ.

ಆ ಊಟದ ಪಟ್ಟಿ ಸಿದ್ಧವಾದದ್ದು ಜರ್ಮನಿಯಲ್ಲಿ, 1860ರ ಸುಮಾರಿಗೆ. ಜೂಲಿಯಸ್ ಸ್ಯಾಕ್ಸ್ ಮತ್ತು ವಿಲ್ಹೆಲ್ಮ್ ನಾಪ್ ಎಂಬ ವಿಜ್ಞಾನಿಗಳು ಕೆಲವೇ ಲವಣಗಳನ್ನು ನೀರಿನಲ್ಲಿ ಕರಗಿಸಿ, ಮಣ್ಣಿನ ಸೋಂಕೇ ಇಲ್ಲದೆ ಗಿಡಗಳನ್ನು ಬೆಳೆಸಿ ತೋರಿಸಿದರು. ಅವರಿಗೆ ಬೇಕಾಗಿದ್ದುದು ಬೆಳೆಯಲ್ಲ, ಉತ್ತರ. ಯಾವ ಲವಣವನ್ನು ಕೈಬಿಟ್ಟರೆ ಗಿಡಕ್ಕೆ ಯಾವ ರೋಗ ಬರುತ್ತದೆಂದು ತಿಳಿಯುವುದಷ್ಟೇ ಉದ್ದೇಶ. ಮುಂದಿನ ಎಪ್ಪತ್ತು ವರ್ಷಗಳ ಕಾಲ ಈ ವಿದ್ಯೆ ಪ್ರಯೋಗಶಾಲೆಯ ಗಾಜಿನ ಪಾತ್ರೆಯಿಂದ ಹೊರಗೆ ಬರಲಿಲ್ಲ.

ಹೊರಗೆ ತಂದವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿಲಿಯಂ ಗೆರಿಕ್. 1929ರಲ್ಲಿ ಅವರು, ಇದೇ ವಿಧಾನದಿಂದ ಮಾರಾಟದ ಬೆಳೆಯನ್ನೂ ತೆಗೆಯಬಹುದೆಂದು ಪ್ರಕಟಿಸಿದರು. ತೊಟ್ಟಿಯ ನೀರಿನಲ್ಲಿ 25 ಅಡಿ ಎತ್ತರಕ್ಕೆ ಹಬ್ಬಿದ ಟೊಮ್ಯಾಟೊ ಬಳ್ಳಿಗಳಿಂದ ಏಣಿ ಹತ್ತಿ ಹಣ್ಣು ಕೀಳುವ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು. ಸಹೋದ್ಯೋಗಿ ಸೆಚೆಲ್ ಅವರ ಸಲಹೆಯಂತೆ 1937ರಲ್ಲಿ ಗೆರಿಕ್ ಈ ವಿದ್ಯೆಗೆ ‘ಹೈಡ್ರೋಪೋನಿಕ್ಸ್’ ಎಂಬ ಹೆಸರನ್ನು ಬಳಕೆಗೆ ತಂದರು. ಹೈಡ್ರೋ ಎಂದರೆ ಗ್ರೀಕಿನಲ್ಲಿ ನೀರು, ಪೋನೋಸ್ ಎಂದರೆ ದುಡಿಮೆ. ನಮ್ಮಲ್ಲಿ ಜಲಕೃಷಿ ಎನ್ನುತ್ತೇವೆ. ಅವರಿಗೂ ವಿಶ್ವವಿದ್ಯಾಲಯಕ್ಕೂ ಮನಸ್ತಾಪವಾಯಿತು. ಅದೇ ಸಂಸ್ಥೆಯ ಹೋಗ್ಲೆಂಡ್ ಮತ್ತು ಆರ್ನನ್ 1938ರಲ್ಲಿ ಪರೀಕ್ಷಿಸಿ, ಒಳ್ಳೆಯ ಮಣ್ಣಿಗಿಂತ ಈ ನೀರಿನಲ್ಲಿ ಹೆಚ್ಚಿನ ಪವಾಡವೇನೂ ಇಲ್ಲವೆಂದು ಬರೆದರು. ನನಗೆ ಅವರ ಮಾತೇ ಸರಿಯೆನಿಸುತ್ತದೆ. ಮಣ್ಣು ಇದ್ದಲ್ಲಿ ಮಣ್ಣೇ ಸಾಕು, ಮಣ್ಣು ಇಲ್ಲದಲ್ಲಿ ಈ ವಿದ್ಯೆ ವರವಾಗುತ್ತದೆ. ಪೆಸಿಫಿಕ್ ಸಾಗರದ ವೇಕ್ ಎಂಬ ಹವಳದ ದ್ವೀಪದಲ್ಲಿ ವಿಮಾನ ಪ್ರಯಾಣಿಕರಿಗೆ, ಎರಡನೆಯ ಮಹಾಯುದ್ಧದ ಕೊನೆಗೆ ಅಸೆನ್ಷನ್ ಎಂಬ ಬಂಡೆಗಲ್ಲಿನ ದ್ವೀಪದಲ್ಲಿ ಅಮೆರಿಕದ ಸೈನಿಕರಿಗೆ ಹಸಿ ತರಕಾರಿ ಒದಗಿದ್ದು ಹೀಗೆಯೇ.

ಇಲ್ಲಿಂದ ಕಥೆ ನಮ್ಮ ದೇಶಕ್ಕೆ ಬರುತ್ತದೆ. 1946ರಲ್ಲಿ ಜೇಮ್ಸ್ ಶೋಲ್ಟೊ ಡಗ್ಲಸ್ ಎಂಬುವರು ಡಾರ್ಜಿಲಿಂಗ್ ಜಿಲ್ಲೆಯ ಕಾಲಿಂಪಾಂಗಿನ ಸರ್ಕಾರಿ ಪ್ರಯೋಗ ಕ್ಷೇತ್ರದಲ್ಲಿ ಜಲಕೃಷಿಯ ಪ್ರಯೋಗ ಆರಂಭಿಸಿದರು. ಬಂಗಾಳದ 1943ರ ಮಹಾ ಕ್ಷಾಮ ಕಳೆದು ಇನ್ನೂ ಮೂರು ವರ್ಷವಾಗಿತ್ತಷ್ಟೆ. ಅಮೆರಿಕದ ಪಂಪು, ಕೊಳವೆ, ಗಾಜಿನ ಮನೆಗಳೆಲ್ಲ ಬಡವನಿಗೆ ಎಟುಕುವಂಥವಲ್ಲ. ಆದ್ದರಿಂದ ಅವರು ತೊಟ್ಟಿಗೆ ಜಲ್ಲಿ ಮತ್ತು ಮರಳು ತುಂಬಿಸಿ, ಮೇಲೆ ಒಣ ಲವಣಗಳನ್ನು ಉದುರಿಸಿ, ಕೈಯಿಂದಲೇ ನೀರು ಹಾಕುವ ಸರಳ ಪದ್ಧತಿಯೊಂದನ್ನು ರೂಪಿಸಿದರು. 1951ರಲ್ಲಿ ‘ಹೈಡ್ರೋಪೋನಿಕ್ಸ್: ದಿ ಬೆಂಗಾಲ್ ಸಿಸ್ಟಮ್’ ಎಂಬ ಅವರ ಪುಸ್ತಕ ಪ್ರಕಟವಾಯಿತು. ಮಾಳಿಗೆಯ ಮೇಲೆ, ಹಿತ್ತಲ ಮೂಲೆಯಲ್ಲಿ, ತುಂಡು ಭೂಮಿಯೂ ಇಲ್ಲದವನು ತರಕಾರಿ ಬೆಳೆದುಕೊಳ್ಳಲಿ ಎಂಬ ಹಂಬಲ ಅದರ ಹಿಂದೆ ಇತ್ತು. ಸರಳ ಸಾಮಗ್ರಿಗಳಿಂದ ಮನೆಯಲ್ಲೇ ಮಾಡುವ ಜಲಕೃಷಿಯ ಇತಿಹಾಸದಲ್ಲಿ ಇಷ್ಟು ಮುಖ್ಯವಾದ ಭಾರತದ ಅಧ್ಯಾಯವಿದ್ದರೂ ನಮ್ಮ ಪಠ್ಯಗಳಲ್ಲಿ ಅದಕ್ಕೆ ಒಂದು ಸಾಲೂ ಸಿಗಲಿಲ್ಲವೆಂಬುದು ನನ್ನ ಹಳೆಯ ಕೊರಗು.

ಇನ್ನು ಗಾಂಜಾದ ಕಡೆಗೆ ಬರೋಣ. ವಿಚಿತ್ರವೆಂದರೆ ಅದಕ್ಕೂ ಬಂಗಾಳಕ್ಕೇ ಹೋಗಬೇಕು. ಬ್ರಿಟಿಷರ ಕಾಲದಲ್ಲಿ ರಾಜಶಾಹಿ ಸೀಮೆಯ ನೌಗಾಂವ್, ಈಗಿನ ಬಾಂಗ್ಲಾದೇಶದಲ್ಲಿದೆ, ಗಾಂಜಾ ಬೆಳೆಗೆ ಹೆಸರಾಗಿತ್ತು. ಅಲ್ಲಿನ ರೈತರು ಸರ್ಕಾರದ ಪರವಾನಗಿ ಪಡೆದು, ಹಾಡಹಗಲಿನಲ್ಲಿ, ಬಯಲು ಹೊಲದಲ್ಲಿ ಅದನ್ನು ಬೆಳೆಯುತ್ತಿದ್ದರು. ಬೆಳೆ ಸರ್ಕಾರಿ ಗೋದಾಮಿಗೆ ಹೋಗಿ ಸುಂಕ ಕಟ್ಟಿಸಿಕೊಂಡು ಹೊರಬರುತ್ತಿತ್ತು. ಗಂಡುಗಿಡಗಳನ್ನು ಗುರುತಿಸಿ ಕಿತ್ತುಹಾಕಲು ‘ಪೋದ್ದಾರ’ ಎಂಬ ನುರಿತ ಕಸುಬುದಾರನನ್ನು ಕೂಲಿ ಕೊಟ್ಟು ಕರೆಸುತ್ತಿದ್ದರು. ಆಂಗ್ಲ ಅಧಿಕಾರಿಗಳು ಅವನನ್ನು ‘ಗಾಂಜಾ ಡಾಕ್ಟರ್’ ಎಂದೇ ಬರೆದಿದ್ದಾರೆ.

ಈ ಬೆಳೆ ಜನರನ್ನು ಹಾಳು ಮಾಡುತ್ತಿದೆಯೇ ಎಂಬ ಪ್ರಶ್ನೆ 1893ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಎದ್ದಾಗ, ಮ್ಯಾಕ್‌ವರ್ತ್ ಯಂಗ್ ಅವರ ಅಧ್ಯಕ್ಷತೆಯಲ್ಲಿ ಆಯೋಗವೊಂದನ್ನು ನೇಮಿಸಲಾಯಿತು. ಅದು 1,193 ಸಾಕ್ಷಿಗಳನ್ನು ವಿಚಾರಿಸಿತು. ಅದು ಮಾಡಿದ ಒಂದು ಕೆಲಸ ನನಗೆ ಬಹಳ ಮೆಚ್ಚುಗೆಯಾಯಿತು. ಹುಚ್ಚಾಸ್ಪತ್ರೆಗಳ ದಾಖಲೆಗಳಲ್ಲಿ ರೋಗದ ಕಾರಣವೆಂದು ಎಷ್ಟೋ ಹೆಸರುಗಳ ಮುಂದೆ ‘ಗಾಂಜಾ’ ಎಂದು ಬರೆದಿತ್ತು. ಅದನ್ನು ಹಾಗೆಯೇ ಎಣಿಸಿ ವರದಿ ಬರೆಯದೆ, ಆಯೋಗ ಆ ಪ್ರಕರಣಗಳನ್ನು ಒಂದೊಂದಾಗಿ ಕೆದಕಿ ನೋಡಿತು. ಬಹಳಷ್ಟು ಕಡೆ, ರೋಗಿಯನ್ನು ಹಿಡಿದು ತಂದ ಪೊಲೀಸರು ಊಹಿಸಿ ತುಂಬಿದ ಕಾರಣವದು, ನಂಬಲರ್ಹವಲ್ಲವೆಂದು ಕಂಡುಬಂತು. ಮಿತವಾದ ಬಳಕೆಯಿಂದ ಹೇಳಿಕೊಳ್ಳುವಂಥ ಹಾನಿಯಿಲ್ಲ, ಅತಿಯಾದರೆ ಹಾನಿಯುಂಟು, ಪೂರ್ಣ ನಿಷೇಧ ಬೇಡ, ಸುಂಕ ಮತ್ತು ಪರವಾನಗಿಗಳಿಂದ ಹತೋಟಿಯಲ್ಲಿಡಿ ಎಂದು 1894ರ ವರದಿ ಹೇಳಿತು. ಸರ್ಕಾರಕ್ಕೆ ಆ ಸುಂಕದ ಆದಾಯದ ಮೇಲೆ ಆಸೆಯಿತ್ತು ಎಂಬುದನ್ನೂ ಮರೆಯಬಾರದು. ಆದರೆ ಇಂದಿನ ಸಂಗತಿಗೆ ಮುಖ್ಯವಾದದ್ದು ಇಷ್ಟು: ಬೆಳೆ ಬಯಲಿನಲ್ಲಿದ್ದಾಗ ಅದನ್ನು ಮುಚ್ಚಿಡುವ ವಿದ್ಯೆ ಯಾರಿಗೂ ಬೇಕಾಗಿರಲಿಲ್ಲ.

ಗೆರಿಕ್ ತಮ್ಮ ವಿದ್ಯೆಗೆ ಹೆಸರಿಟ್ಟ ಆ 1937ನೆಯ ವರ್ಷವನ್ನು ಮತ್ತೊಮ್ಮೆ ನೆನೆಯಿರಿ. ಅದೇ ವರ್ಷದ ಆಗಸ್ಟಿನಲ್ಲಿ ಅಮೆರಿಕದ ‘ಮರಿವಾನಾ ತೆರಿಗೆ ಕಾಯ್ದೆ’ಗೆ ಅಧ್ಯಕ್ಷರ ಅಂಕಿತ ಬಿತ್ತು. ಹೆಸರಿಗೆ ತೆರಿಗೆ, ಪರಿಣಾಮದಲ್ಲಿ ನಿಷೇಧ. ಎರಡಕ್ಕೂ ಆಗ ಯಾವ ಸಂಬಂಧವೂ ಇರಲಿಲ್ಲ. ಸಂಬಂಧ ಬೆಳೆದದ್ದು ನಂತರ, ಹಂತ ಹಂತವಾಗಿ, ಕಾಯಿದೆಯ ಒತ್ತಡದಿಂದಲೇ. 1969ರಲ್ಲಿ ಮೆಕ್ಸಿಕೊ ಗಡಿಯಲ್ಲಿ ವಾಹನಗಳನ್ನೆಲ್ಲ ತಡೆದು ಶೋಧಿಸಿದರು. 1970ರ ದಶಕದಲ್ಲಿ ಮೆಕ್ಸಿಕೊದ ಹೊಲಗಳ ಮೇಲೆ ಪ್ಯಾರಾಕ್ವಾಟ್ ಎಂಬ ಕಳೆನಾಶಕ ಸಿಂಪಡಿಸಲಾಯಿತು. ಹೊರಗಿನ ಮಾಲು ಅಪಾಯವೆನಿಸಿದ ಮೇಲೆ ಕ್ಯಾಲಿಫೋರ್ನಿಯಾದ ಗುಡ್ಡಗಾಡುಗಳಲ್ಲೇ ಬೆಳೆ ಹೆಚ್ಚಿತು. 1983ರಿಂದ ಆ ಗುಡ್ಡಗಳ ಮೇಲೆ ಹೆಲಿಕಾಪ್ಟರುಗಳು ಹಾರತೊಡಗಿದವು. ಆಕಾಶದಿಂದ ಕಾಣದ ಸ್ಥಳ ಯಾವುದು? ಮನೆಯ ಸೂರಿನ ಕೆಳಗೆ.

ಮನೆಯೊಳಗೆ ಬೇಕಾದ ವಿದ್ಯೆಗಳೆಲ್ಲ ಆಗಲೇ ಸಿದ್ಧವಾಗಿ ಕಾಯುತ್ತಿದ್ದವು. ಗಿಡಗಳು ಹಗಲು ಇರುಳುಗಳ ಉದ್ದವನ್ನು ನೋಡಿ ಹೂಬಿಡುತ್ತವೆಂಬ ಸಂಗತಿಯನ್ನು 1920ರಲ್ಲಿ ಗಾರ್ನರ್ ಮತ್ತು ಅಲಾರ್ಡ್ ತಂಬಾಕಿನ ಗಿಡದಿಂದ ಸ್ಥಾಪಿಸಿದರೆಂದು ಪುಸ್ತಕಗಳು ಹೇಳುತ್ತವೆ. ಅವರಿಗಿಂತ ಮೊದಲೇ, 1912ರಲ್ಲಿ, ಫ್ರಾನ್ಸಿನ ಜೂಲಿಯನ್ ಟೂರ್ನ್ವಾ ಎಂಬ ಯುವ ಸಸ್ಯವಿಜ್ಞಾನಿ ಇದರ ಸುಳಿವು ಹಿಡಿದಿದ್ದರು. ಅವರು ನೋಡುತ್ತಿದ್ದ ಗಿಡಗಳು ಎರಡು: ಬಿಯರಿಗೆ ಕಹಿ ಕೊಡುವ ಹಾಪ್ಸ್, ಮತ್ತು ಭಂಗಿ. ಟೂರ್ನ್ವಾ ಮೊದಲ ಮಹಾಯುದ್ಧದಲ್ಲಿ ಮಡಿದರು, ಹೆಸರು ಬೇರೆಯವರದಾಯಿತು. ಚಿಕ್ಕಬಳ್ಳಾಪುರದ ಕಡೆ ರಾತ್ರಿ ಬಸ್ಸಿನಲ್ಲಿ ಹೋದವರು ಸೇವಂತಿಗೆ ಹೊಲಗಳಲ್ಲಿ ಸಾಲು ಸಾಲಾಗಿ ಬಲ್ಬುಗಳು ಉರಿಯುವುದನ್ನು ನೋಡಿರುತ್ತೀರಿ. ಅದರ ಹಿಂದಿರುವುದೂ ಇದೇ ತತ್ತ್ವ. 1960ರ ದಶಕದಲ್ಲಿ ಬೀದಿದೀಪಗಳಿಗಾಗಿ ಪ್ರಖರವಾದ ಸೋಡಿಯಂ ದೀಪಗಳು ಬಂದವು. ಇಂಗ್ಲೆಂಡಿನ ಅಲೆನ್ ಕೂಪರ್ ಟೊಮ್ಯಾಟೊ ಬೆಳೆಗಾರರಿಗೆಂದು, ಬೇರಿನ ಮೇಲೆ ತೆಳುವಾಗಿ ಪೋಷಕ ನೀರು ಹರಿಸುವ ಪದ್ಧತಿಯನ್ನು ರೂಪಿಸಿದರು. ಇವರಲ್ಲಿ ಯಾರೊಬ್ಬರೂ ಗಾಂಜಾವನ್ನು ಮನಸ್ಸಿನಲ್ಲಿಟ್ಟು ಕೆಲಸ ಮಾಡಿದವರಲ್ಲ. 1989ರಲ್ಲಿ ಅಮೆರಿಕದ ಮಾದಕವಸ್ತು ನಿಯಂತ್ರಣ ಸಂಸ್ಥೆ ಅನೇಕ ರಾಜ್ಯಗಳ ಜಲಕೃಷಿ ಅಂಗಡಿಗಳ ಮೇಲೆ ದಾಳಿ ನಡೆಸಿತು. ಟೊಮ್ಯಾಟೊ ಬೆಳೆಯುವವನೂ ದೀಪ, ತೊಟ್ಟಿ ಕೊಂಡದ್ದಕ್ಕೆ ಸಂಶಯಕ್ಕೆ ಒಳಗಾಗುವ ಕಾಲ ಬಂದಿತು.

ಇದರ ನಡುವೆ ನಡೆದ ಒಂದು ಮೊಕದ್ದಮೆಯನ್ನು ಹೇಳಲೇಬೇಕು. 1992ರ ಜನವರಿಯ ಒಂದು ನಸುಕಿನಲ್ಲಿ ಆರೆಗನ್ ರಾಜ್ಯದಲ್ಲಿ ಅಧಿಕಾರಿಗಳು ಡ್ಯಾನಿ ಕೈಲೊ ಎಂಬಾತನ ಮನೆಯ ಎದುರು ಕಾರಿನಲ್ಲಿ ಕುಳಿತು, ಶಾಖವನ್ನು ಗುರುತಿಸುವ ಉಪಕರಣವನ್ನು ಅತ್ತ ತಿರುಗಿಸಿದರು. ಗ್ಯಾರೇಜಿನ ಮಾಡು ಅಕ್ಕಪಕ್ಕದ ಮನೆಗಳಿಗಿಂತ ಬಿಸಿಯಾಗಿತ್ತು. ಶೋಧಿಸಿದಾಗ ನೂರಕ್ಕೂ ಹೆಚ್ಚು ಗಾಂಜಾ ಗಿಡಗಳು ಸಿಕ್ಕವು. ತಪ್ಪು ಸಿಕ್ಕಿತಲ್ಲ, ಇನ್ನೇನು ವಾದ ಎನ್ನುತ್ತೀರಾ? ಸುಪ್ರೀಂ ಕೋರ್ಟ್ ಹಾಗೆನ್ನಲಿಲ್ಲ. 2001ರಲ್ಲಿ 5–4ರ ಬಹುಮತದಿಂದ, ಸಾಮಾನ್ಯ ಜನರ ಬಳಕೆಯಲ್ಲಿಲ್ಲದ ಯಂತ್ರದಿಂದ ಗೋಡೆಯಾಚೆಗಿನ ಸಂಗತಿ ತಿಳಿಯುವುದೂ ಮನೆ ಹೊಕ್ಕು ಶೋಧಿಸಿದಂತೆಯೇ, ಅದಕ್ಕೆ ವಾರಂಟ್ ಬೇಕು ಎಂದಿತು. ತೀರ್ಪು ಬರೆದವರು ಸಂಪ್ರದಾಯನಿಷ್ಠರೆಂದೇ ಹೆಸರಾಗಿದ್ದ ನ್ಯಾಯಮೂರ್ತಿ ಸ್ಕಾಲಿಯಾ. ಮನೆಯೊಡತಿ ಎಷ್ಟು ಹೊತ್ತಿಗೆ ಸ್ನಾನ ಮಾಡುತ್ತಾಳೆಂಬುದನ್ನೂ ಇಂಥ ಯಂತ್ರ ಹೇಳಿಬಿಡಬಹುದಲ್ಲ ಎಂಬುದು ಅವರ ಆತಂಕ. ಆ ಮನುಷ್ಯನ ಬಗ್ಗೆ ನನಗೆ ಅನುಕಂಪವಿಲ್ಲ, ಆದರೆ ಆ ತೀರ್ಪಿನ ಬಗ್ಗೆ ಗೌರವವಿದೆ. ಅದು ಕಾಯ್ದದ್ದು ನಿಮ್ಮ ನಮ್ಮಂಥವರ ಮನೆಯ ಗೋಡೆಯನ್ನು.

ಈಚೆಗೆ ಕಾಯಿದೆಗಳು ಸಡಿಲವಾದವು. 2018ರಲ್ಲಿ ಕೆನಡಾ, ಕೆಲವು ಪ್ರಾಂತ್ಯಗಳ ಪ್ರತ್ಯೇಕ ನಿಯಮಗಳಿಗೆ ಒಳಪಟ್ಟು, ಮನೆಗೆ ನಾಲ್ಕು ಗಿಡಗಳಿಗೆ ಅನುಮತಿ ನೀಡಿತು. 2024ರಲ್ಲಿ ಜರ್ಮನಿ ವಯಸ್ಕರಿಗೆ ಮೂರು ಗಿಡಗಳನ್ನು ಬಿಟ್ಟುಕೊಟ್ಟಿತು. 2022ರಲ್ಲಿ ಮಾದಕವಸ್ತುಗಳ ಪಟ್ಟಿಯಿಂದ ಗಾಂಜಾವನ್ನು ಕೈಬಿಟ್ಟಿದ್ದ ಥಾಯ್ಲೆಂಡ್ 2025ರಲ್ಲಿ ವೈದ್ಯರ ಚೀಟಿ ಕಡ್ಡಾಯವೆಂದು ಮತ್ತೆ ಬಿಗಿ ಮಾಡಿತು. ಬ್ಯಾಂಕಾಕಿನ ಪೆಟ್ಟಿಗೆಗಳ ಮೂಲ ಇಲ್ಲಿದೆ. ಆದರೆ ಒಳಗೆ ಹೋದ ಗಿಡ ಪೂರ್ತಿ ಹೊರಗೆ ಬರಲಿಲ್ಲ. ಅಮೆರಿಕದ ಒಟ್ಟು ವಿದ್ಯುತ್ತಿನಲ್ಲಿ ಶೇಕಡ 1ರಷ್ಟು ಒಳಾಂಗಣ ಗಾಂಜಾ ಬೆಳೆಗೇ ಹೋಗುತ್ತಿದೆಯೆಂದು 2012ರಲ್ಲಿ ಇವಾನ್ ಮಿಲ್ಸ್ ಎಂಬ ಸಂಶೋಧಕರು ಅಂದಾಜು ಮಾಡಿದರು. ರಸ್ತೆ ಬದಿಯಲ್ಲಿ ಕಳೆಯಂತೆ ಬೆಳೆಯಬಲ್ಲ ಗಿಡವೊಂದಕ್ಕೆ!

ನಮ್ಮಲ್ಲಿ 1985ರ ಮಾದಕವಸ್ತು ಕಾಯಿದೆ, ಎನ್‌ಡಿಪಿಎಸ್, ಜಾರಿಯಲ್ಲಿದೆ. ಬರಿಯ ಎಲೆ ಮತ್ತು ಬೀಜ ಅದರ ಗಾಂಜಾ ವ್ಯಾಖ್ಯೆಯಿಂದ ಹೊರಗಿವೆ. ಉತ್ತರದ ರಾಜ್ಯಗಳಲ್ಲಿ ಭಾಂಗ್ ಅಂಗಡಿಗಳು ಉಳಿದಿರುವುದು ಅದರಿಂದ. ಆದರೆ ಪರವಾನಗಿಯಿಲ್ಲದೆ ಗಿಡ ಬೆಳೆಸಿದರೆ 10 ವರ್ಷದವರೆಗೆ ಕಠಿಣ ಶಿಕ್ಷೆ, 1 ಲಕ್ಷ ರೂಪಾಯಿವರೆಗೆ ದಂಡ. ಗಿಡ ನೆಲದಲ್ಲಿದೆಯೋ ನೀರಿನಲ್ಲಿದೆಯೋ ಎಂದು ಕಾಯಿದೆ ಕೇಳುವುದಿಲ್ಲ. 2023ರ ಜೂನ್ ತಿಂಗಳಲ್ಲಿ ಶಿವಮೊಗ್ಗದಲ್ಲಿ, ಬಾಡಿಗೆ ಮನೆಯೊಳಗೆ ದೀಪ ಹಚ್ಚಿ ಗಾಂಜಾ ಬೆಳೆಯುತ್ತಿದ್ದ ಆರೋಪದ ಮೇಲೆ ವೈದ್ಯಕೀಯ ವಿದ್ಯಾರ್ಥಿಗಳನ್ನು ಪೊಲೀಸರು ಬಂಧಿಸಿದರು. ಆ ಸುದ್ದಿ ಓದಿದ ದಿನ ನನಗೆ ಊಟ ರುಚಿಸಲಿಲ್ಲ. ವುಡ್‌ವರ್ಡ್, ಸ್ಯಾಕ್ಸ್‌ರ ಪಾಠವನ್ನು ಅವರಿಗೂ ನನ್ನಂಥ ಯಾರೋ ಒಬ್ಬ ಮೇಷ್ಟ್ರು ಹೇಳಿರಬೇಕು. ಈ ಕಾಯಿದೆ ಇನ್ನಷ್ಟು ವಿವೇಕದಿಂದ ಕೂಡಿರಬೇಕಿತ್ತೆಂಬ ಅಭಿಪ್ರಾಯ ನನಗೂ ಇದೆ. ದೊಡ್ಡ ವ್ಯಾಪಾರಿಗೂ ಇಪ್ಪತ್ತರ ಹುಡುಗನಿಗೂ ಒಂದೇ ಬಲೆ ಬೀಸುವುದು ನನಗೆ ಒಪ್ಪಿಗೆಯಿಲ್ಲ. ಆದರೆ ಕಾಯಿದೆ ಬದಲಾಗುವ ತನಕ ಅದು ಇರುವ ಹಾಗೆಯೇ ಇರುತ್ತದೆ.

ಅಮೆರಿಕದಲ್ಲಿರುವ ನಮ್ಮ ಹುಡುಗರಿಗೂ ಬಂಧುಗಳಿಗೂ ಒಂದು ಮಾತು. ಕ್ಯಾಲಿಫೋರ್ನಿಯಾ 2016ರ ಜನಮತದಿಂದ ವಯಸ್ಕರಿಗೆ ಆರು ಗಿಡಗಳ ಅನುಮತಿ ನೀಡಿದೆ ನಿಜ. ಆದರೆ ಪೌರತ್ವವನ್ನು ತೀರ್ಮಾನಿಸುವುದು ರಾಜ್ಯವಲ್ಲ, ಕೇಂದ್ರ. ರಾಜ್ಯದ ಕಾಯಿದೆ ಒಪ್ಪಿದ್ದರೂ ಗಾಂಜಾದ ಸಂಬಂಧ ಪೌರತ್ವದ ಅರ್ಜಿಗೆ ಅಡ್ಡಿಯಾಗಬಹುದೆಂದು ಅಲ್ಲಿನ ವಲಸೆ ಇಲಾಖೆ 2019ರ ಏಪ್ರಿಲಿನಲ್ಲಿ ಸ್ಪಷ್ಟವಾಗಿ ಸೂಚನೆ ಹೊರಡಿಸಿತು. ಹಸಿರು ಚೀಟಿಗಾಗಿ ವರ್ಷಗಟ್ಟಲೆ ಸರದಿಯಲ್ಲಿ ನಿಂತಿರುವವರು ಪಕ್ಕದ ಮನೆಯವರ ಆರು ಗಿಡಗಳನ್ನು ನೋಡಿ ತಮ್ಮ ಲೆಕ್ಕ ಹಾಕಬಾರದು. ತೊಟ್ಟಿ, ದೀಪ ಕೊಂಡಾಗಿದ್ದರೆ ಕೊತ್ತಂಬರಿ, ಮೆಂತ್ಯ ಹಾಕಿ. ಚಳಿಗಾಲದಲ್ಲಿ ಅಲ್ಲಿ ಹಸಿ ಮೆಂತ್ಯ ಸೊಪ್ಪು ಸಿಗುವುದಿಲ್ಲವೆಂದು ನೀವೇ ಪ್ರತಿ ವರ್ಷ ನನಗೆ ದೂರುತ್ತೀರಲ್ಲ.