ಅರ್ಜಿಯ ದಾರಿ ಬರೆಯುವ ಭಾಷೆಗಳು

ಬ್ಯಾಂಕಿಗೆ ಸಾಲದ ಅರ್ಜಿ ಕೊಟ್ಟಿದ್ದೀರಿ ಎಂದುಕೊಳ್ಳಿ. ಗುಮಾಸ್ತರು ಕಾಗದಪತ್ರ ನೋಡಬೇಕು, ಹಳೆ ಬಾಕಿಯ ತಪಾಸಣೆ ಆಗಬೇಕು, ಮ್ಯಾನೇಜರ್ ಒಪ್ಪಬೇಕು. ಕಂಪ್ಯೂಟರ್ ಬಂದ ಮೇಲೆ ಈ ದಾರಿಯನ್ನು ಅದಕ್ಕೂ ಬರೆದುಕೊಡಬೇಕಾಯಿತು: ಯಾವುದು ಮೊದಲು, ಯಾವುದು ಆಮೇಲೆ, ಎಲ್ಲಿ ಕಾಯಬೇಕು. ಹಾಗೆ ಬರೆಯಲೆಂದೇ ಹುಟ್ಟಿದ ಭಾಷೆಗಳಿವೆ. ಅವು ಕೂಡಿಕೊಂಡ ಕಥೆ ಇದು.

2001ರಲ್ಲಿ ಅಮೆರಿಕದ ಎರಡು ದೊಡ್ಡ ಕಂಪನಿಗಳು ಬೇರೆ ಬೇರೆ ಭಾಷೆ ತಂದವು. ಐಬಿಎಂನದು ಡಬ್ಲ್ಯೂಎಸ್‌ಎಫ್‌ಎಲ್. ಕೆಲಸಗಳನ್ನು ರಂಗೋಲಿಯ ಚುಕ್ಕಿಗಳಂತೆ ಇಟ್ಟು, ಗೆರೆ ಎಳೆದು ಜೋಡಿಸುವ ಕ್ರಮ. ಮೈಕ್ರೋಸಾಫ್ಟ್‌ನದು ಎಕ್ಸ್‌ಲ್ಯಾಂಗ್. ಅದು ಅಡುಗೆ ಹೇಳಿಕೊಟ್ಟಂತೆ: ಮೊದಲು ಇದು, ಆಮೇಲೆ ಅದು. ಒಂದರಲ್ಲಿ ಬರೆದದ್ದು ಇನ್ನೊಂದರ ಯಂತ್ರಕ್ಕೆ ತಿಳಿಯದು. ಕಂಪನಿ ಬದಲಿಸಿದರೆ ಎಲ್ಲವನ್ನೂ ಹೊಸದಾಗಿ ಬರೆಯಬೇಕು. ಗಿರಾಕಿ ಒಂದೇ ಅಂಗಡಿಗೆ ಕಟ್ಟುಬಿದ್ದಂತೆ.

2002ರಲ್ಲಿ ಈ ಎರಡು ಕಂಪನಿಗಳು ಬಿಇಎ ಜೊತೆ ಸೇರಿ, ಎರಡೂ ಭಾಷೆ ಕೂಡಿಸಿ ಬಿಪೆಲ್ ಮಾಡಿದವು. ಆದರೆ ಎರಡೂ ಕ್ರಮಗಳು ಅದರೊಳಗೆ ಹಾಗೇ ಉಳಿದವು. ಒಂದೇ ಕೆಲಸವನ್ನು ಎರಡು ಬಗೆಯಲ್ಲಿ ಬರೆಯಬಹುದಾಯಿತು, ಕಲಿಯುವವರಿಗೆ ತಲೆನೋವು. ಇನ್ನೊಂದು ಕೊರತೆ ಇದಕ್ಕಿಂತ ದೊಡ್ಡದು. 2007ರಲ್ಲಿ ಒಯಾಸಿಸ್ ಸಂಸ್ಥೆ ಒಪ್ಪಿದ 2.0 ಆವೃತ್ತಿಯಲ್ಲೂ ಮನುಷ್ಯ ಮಾಡುವ ಕೆಲಸಕ್ಕೆ ಜಾಗವಿರಲಿಲ್ಲ. ಕಂಪ್ಯೂಟರ್ ಇನ್ನೊಂದು ಕಂಪ್ಯೂಟರನ್ನು ಕೇಳುವುದಷ್ಟೇ. ಆದರೆ ಅರ್ಜಿ ನಿಲ್ಲುವುದು ಮನುಷ್ಯನ ಮೇಜಿನ ಮೇಲೆ ತಾನೇ? ಅದಕ್ಕಾಗಿ ಅದೇ ವರ್ಷ ಬಿಪೆಲ್‌ಫಾರ್‌ಪೀಪಲ್ ಎಂಬ ಬಾಲಂಗೋಚಿ ಬಂತು.

ಆಗಲೇ ಜೆಬಾಸ್ ಕಂಪನಿಯಲ್ಲಿ ಜೆಬಿಪಿಎಂ ಕಟ್ಟುತ್ತಿದ್ದ ಟಾಮ್ ಬೇಯೆನ್ಸ್ ಮತ್ತು ಬುಲ್ ಕಂಪನಿಯ ಮಿಗೆಲ್ ವಾಲ್ಡೆಸ್ ಬೇರೆ ದಾರಿ ಹೇಳಿದರು. ಭಾಷೆಗಳನ್ನು ಬೆರೆಸುವುದು ಬೇಡ, ಅಡಿಪಾಯ ಮಾತ್ರ ಒಂದಿರಲಿ. ಯಾವ ಭಾಷೆಗಾದರೂ ಬೇಕಾದದ್ದು ಮೂರೇ: ಹಂತಗಳು, ಒಂದರಿಂದ ಇನ್ನೊಂದಕ್ಕೆ ದಾರಿ, ಕೆಲಸ ಈಗ ಎಲ್ಲಿ ಕಾಯುತ್ತಿದೆ ಎಂಬ ನೆನಪು. ಇದಕ್ಕೆ ಪ್ರೊಸೆಸ್ ವರ್ಚುವಲ್ ಮೆಷಿನ್ ಎಂದು ಹೆಸರಿಟ್ಟರು. ಒಂದೇ ಡೀಸೆಲ್ ಇಂಜಿನ್ನಿಗೆ ಒಮ್ಮೆ ನೀರಿನ ಪಂಪು, ಒಮ್ಮೆ ಹಿಟ್ಟಿನ ಗಿರಣಿ ಜೋಡಿಸಿದ ಹಾಗೆ, ಮೇಲೆ ಬಿಪೆಲ್ಲನ್ನೂ ಕೂರಿಸಬಹುದು, ಜೆಪಿಡಿಎಲ್ಲನ್ನೂ ಕೂರಿಸಬಹುದು.

2011ರಲ್ಲಿ ಬಿಪಿಎಂಎನ್ 2.0 ಬಂತು. ಜನ ನೋಡಿ ಓದುವ ನಕ್ಷೆಯನ್ನೇ ಯಂತ್ರವೂ ನಡೆಸಬಹುದಾಯಿತು. ಅದರಲ್ಲಿ ಮನುಷ್ಯ ಮಾಡುವ ಕೆಲಸಕ್ಕೂ ಒಂದು ಗುರುತಿದೆ. ‘ನನ್ನ ಅರ್ಜಿ ಯಾರ ಹತ್ತಿರ ಇದೆ?’ ಎಂದು ಕೇಳಿದವರಿಗೆ ಕಂಪ್ಯೂಟರ್ ಉತ್ತರ ಕೊಡಬೇಕಾದರೆ ಆ ಗುರುತು ಬೇಕೇ ಬೇಕು.