ಒಂದು ಊರಿಗೆ ಎರಡು ವಿಮಾನ ನಿಲ್ದಾಣಗಳೇ?

ಬೆಂಗಳೂರಿಗೆ ಎರಡನೆಯ ವಿಮಾನ ನಿಲ್ದಾಣ ಬೇಕೆಂಬ ಮಾತು ಕೆಲವು ವರ್ಷಗಳಿಂದ ಕೇಳಿಬರುತ್ತಿದೆ. ನನ್ನ ಹಳೆಯ ವಿದ್ಯಾರ್ಥಿಗಳೂ ಬಂಧುಗಳೂ ಅನೇಕರು ಆ ನಗರದಲ್ಲಿ ನೆಲೆಸಿರುವುದರಿಂದ, ಇತಿಹಾಸವು ಈ ವಿಷಯದಲ್ಲಿ ಏನು ಹೇಳುತ್ತದೆಂದು ನೋಡುವುದು ಉಚಿತವೆನಿಸಿತು.

ಮೊದಲು ಕೆನಡಾದ ಮಾಂಟ್ರಿಯಲ್ ನಗರವನ್ನು ಗಮನಿಸೋಣ. ಅಲ್ಲಿ ಡೋರ್ವಾಲ್ ಎಂಬ ನಿಲ್ದಾಣವಿತ್ತು. ಮುಂದೆ ಅದು ಸಾಲದೆಂದು ಭಾವಿಸಿದ ಸರ್ಕಾರವು 1969ರಲ್ಲಿ ಮಿರಾಬೆಲ್ ಎಂಬಲ್ಲಿ ಸುಮಾರು 97 ಸಾವಿರ ಎಕರೆ ನೆಲವನ್ನು ವಶಪಡಿಸಿಕೊಳ್ಳಲು ನಿರ್ಧರಿಸಿತು. ಅನೇಕ ಕೃಷಿಕ ಕುಟುಂಬಗಳು ಒಕ್ಕಲೆದ್ದವು. 1975ರಲ್ಲಿ ಹೊಸ ನಿಲ್ದಾಣ ತೆರೆಯಿತು. ವಿದೇಶೀ ವಿಮಾನಗಳಿಗೆ ಮಿರಾಬೆಲ್, ಒಳನಾಡಿನವುಗಳಿಗೆ ಡೋರ್ವಾಲ್ ಎಂದು ಹಂಚಿಕೆಯಾಯಿತು. ಯೂರೋಪಿನಿಂದ ಬಂದಿಳಿದವರು ಮುಂದಿನ ವಿಮಾನ ಹಿಡಿಯಲು ಒಂದು ನಿಲ್ದಾಣದಿಂದ ಇನ್ನೊಂದಕ್ಕೆ ರಸ್ತೆಯಲ್ಲಿ ಸಾಗಬೇಕಾಯಿತು. ಯೋಜಿಸಿದ್ದ ರೈಲು ಬರಲೇ ಇಲ್ಲ. ಪ್ರಯಾಣಿಕರು ಟೊರಾಂಟೊ ನಗರದತ್ತ ಹೊರಳಿದರು. 1997ರಲ್ಲಿ ವಿದೇಶೀ ವಿಮಾನಗಳು ಡೋರ್ವಾಲ್‌ಗೆ ಮರಳಿದವು. 2004ರಲ್ಲಿ ಮಿರಾಬೆಲ್‌ನ ಪ್ರಯಾಣಿಕ ಸೇವೆ ನಿಂತಿತು; 2014ರಲ್ಲಿ ಕಟ್ಟಡವನ್ನು ಕೆಡವಲಾರಂಭಿಸಿದರು. ಬಳಕೆಯಾಗದ ನೆಲದ ಬಹುಭಾಗ ರೈತರಿಗೇ ಹಿಂದಿರುಗಿತು. ಕಳೆದುಹೋದ ಕಾಲವನ್ನು ಹಿಂದಿರುಗಿಸುವವರು ಯಾರು?

ಹಾಗಾದರೆ ಲಂಡನ್ ಹಲವು ನಿಲ್ದಾಣಗಳನ್ನು ಸಲಹುತ್ತಿರುವುದು ಹೇಗೆ? ಅಲ್ಲಿ ಒಂದೊಂದಕ್ಕೂ ತನ್ನದೇ ಪ್ರಯಾಣಿಕರಿದ್ದಾರೆ. ವಿಮಾನ ಬದಲಿಸುವವರಿಗೆ ಹೀತ್ರೂ. ಅಗ್ಗದ ದರ ಅರಸುವವರಿಗೆ ಲೂಟನ್, ಸ್ಟ್ಯಾನ್‌ಸ್ಟೆಡ್. ವ್ಯಾಪಾರಸ್ಥರಿಗೆ 1987ರಲ್ಲಿ ಆರಂಭವಾದ ಸಿಟಿ ನಿಲ್ದಾಣ. ಒಂದರ ಅನ್ನವನ್ನು ಇನ್ನೊಂದು ಕಸಿಯುವುದು ಕಡಿಮೆ.

ಬೆಂಗಳೂರಿನಲ್ಲಿ ಈ ಪರೀಕ್ಷೆ ನಡೆಯಲೇ ಇಲ್ಲ. 2004ರ ಒಪ್ಪಂದವು ದೇವನಹಳ್ಳಿಯ ನಿಲ್ದಾಣಕ್ಕೆ 25 ವರ್ಷಗಳ ರಕ್ಷಣೆ ನೀಡಿ, 150 ಕಿಲೋಮೀಟರ್ ಒಳಗೆ ಪ್ರತಿಸ್ಪರ್ಧಿ ಇರಬಾರದೆಂದಿತು. ಮೈಸೂರು, ಹಾಸನಗಳಿಗೆ ಮಾತ್ರ ವಿನಾಯಿತಿ. 2008ರ ಮೇ ತಿಂಗಳಲ್ಲಿ ಹೊಸದು ತೆರೆಯಿತು, ಎಚ್‌ಎಎಲ್ ನಿಲ್ದಾಣದ ವಾಣಿಜ್ಯ ಹಾರಾಟ ನಿಂತಿತು. ಎರಡೂ ಇರಲೆಂದು ಹಲವು ನಾಗರಿಕರು ಮಾಡಿದ ಒತ್ತಾಯ ಫಲಿಸಲಿಲ್ಲ. ಕೋಟ್ಯಂತರ ಹಣ ಹೂಡುವವರಿಗೆ ಆರಂಭದ ವರ್ಷಗಳಲ್ಲಿ ಇಂಥ ಭರವಸೆ ಬೇಕಿತ್ತೆಂಬ ವಾದವನ್ನೂ ತಳ್ಳಿಹಾಕಲಾಗದು.

ಆ ರಕ್ಷಣೆ 2033ರಲ್ಲಿ ಮುಗಿಯುತ್ತದೆ. 2024-25ರಲ್ಲಿ ದೇವನಹಳ್ಳಿಯನ್ನು ಬಳಸಿದವರು ನಾಲ್ಕು ಕೋಟಿಗೂ ಮಿಗಿಲು. ಕನಕಪುರ ರಸ್ತೆ, ಕುಣಿಗಲ್ ರಸ್ತೆಗಳ ಜಾಗಗಳು ಪರಿಶೀಲನೆಗೆ ಬಂದಿವೆ. ಜನಸಂಖ್ಯೆಯ ಲೆಕ್ಕ ಸುಲಭವಾಗಿ ಸಿಕ್ಕೀತು. ಅದೊಂದೇ ಸಾಲದೆಂಬುದಕ್ಕೆ ಮಿರಾಬೆಲ್ ಸಾಕ್ಷಿ. ಎರಡನೆಯ ನಿಲ್ದಾಣಕ್ಕೆ ಯಾರು ಸ್ವಇಚ್ಛೆಯಿಂದ ಬರುತ್ತಾರೆ, ಅಲ್ಲಿಗೆ ರೈಲು ಯಾವಾಗ ಬರುತ್ತದೆ—ಈ ಎರಡಕ್ಕೆ ಉತ್ತರ ದೊರೆತ ಮೇಲೆಯೇ ರೈತನ ಹೊಲವನ್ನು ಕೇಳುವುದು ನ್ಯಾಯ.

ನಿಮ್ಮ ಅಭಿಪ್ರಾಯಗಳನ್ನು ಬರೆದು ತಿಳಿಸಿರಿ.